ಇಮಾಮಸಾಬರ ಹೆಸರಿನಲ್ಲಿ ನಲವತ್ತೊಂದು ದಿನ

ಕಲಬುರಗಿಯ ದವಾಖಾನೆಯ ದಫ್ತರದಲ್ಲಿ ನನ್ನ ಹೆಸರಿಲ್ಲ. ಬಲಗೈಯ ಮೂರು ಬೆರಳುಗಳನ್ನು ಕಳೆದುಕೊಂಡು ನಾನು ಅಲ್ಲಿ ನಲವತ್ತೊಂದು ದಿನ ಮಲಗಿದ್ದೆ. ಗಿರಣಿಯ ಹಾಜರಿ ಪಟ್ಟಿಯ ಪ್ರಕಾರ ಅದೇ ನಲವತ್ತೊಂದು ದಿನಗಳಲ್ಲಿ, ವಾರದ ಸೂಟಿಯೊಂದನ್ನು ಬಿಟ್ಟರೆ, ನಾನು ಒಂದು ದಿನವೂ ತಪ್ಪದೆ ಕೆಲಸಕ್ಕೆ ಹೋಗಿದ್ದೇನೆ. ಎರಡೂ ಕಾಗದಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡರಲ್ಲಿಯೂ ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ.

ಯಂತ್ರಕ್ಕೆ ಕೈ ಕೊಟ್ಟು ಬಂದವರು ಈ ಸೀಮೆಯಲ್ಲಿ ನನ್ನಂತೆ ಅನೇಕರಿದ್ದಾರೆ. ಅವರಲ್ಲಿ ಓದಬಲ್ಲವರು ಓದಲಿ, ಉಳಿದವರಿಗೆ ಓದಿ ಹೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಗಾಯದ ನೋವನ್ನು ಒಬ್ಬನೇ ಉಣ್ಣಬೇಕು, ನಿಜ. ಆದರೆ ಗಾಯಕ್ಕೆ ಕಾರಣರಾದವರು ಒಬ್ಬರೇ ಇರುವುದಿಲ್ಲ. ಅವರ ಸಾಲಿನಲ್ಲಿ ನಾನೂ ಇದ್ದೇನೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನನ್ನ ತಂದೆ ಈ ಊರಿನ ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಕೆಟ್ಟ ಯಂತ್ರವನ್ನು ಬಿಚ್ಚುವುದು, ಸವೆದ ಭಾಗವನ್ನು ಅರದಿಂದ ಉಜ್ಜಿ ಕೂಡಿಸುವುದು, ಎಣ್ಣೆ ಬಿಡುವುದು ಅವರ ಕೆಲಸ. ಅವರ ಪಗಾರದಿಂದಲೇ ನಾನು ಹೈದರಾಬಾದಿಗೆ ಹೋಗಿ ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲಿ ಇತಿಹಾಸ ಓದಿ ಬಿ.ಎ. ಪಾಸಾದೆ. ಊರಿಗೆ ಮರಳಿದ ಮೇಲೆ ಒಂದು ವರ್ಷ ಕಚೇರಿಗಳಿಗೆ ಅರ್ಜಿ ಹಾಕಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಅಷ್ಟರಲ್ಲಿ ತಂದೆ ತೀರಿಕೊಂಡರು, ಅವ್ವ ತವರಾದ ಕಮಲಾಪುರಕ್ಕೆ ಹೋಗಿ ತನ್ನ ಅಣ್ಣನ ಬಾಳೆ ತೋಟದಲ್ಲಿ ನಿಂತಳು, ನಾನು ತಂದೆಯ ಜಾಗದಲ್ಲಿ ನಿಂತೆ. ಗಿರಣಿಯವರು ನನ್ನನ್ನು ‘ಬಿ.ಎ. ಮಿಸ್ತ್ರಿ’ ಎಂದು ಕರೆದು ನಗುತ್ತಿದ್ದರು. ಕಾಮಗಾರರ ಸಂಘ ಹೊಸದಾಗಿ ಹುಟ್ಟಿತ್ತು. ಅದರ ಅರ್ಜಿಗಳನ್ನೆಲ್ಲ ನಿಜಾಮ ಸರಕಾರದ ಭಾಷೆಯಾದ ಉರ್ದುವಿನಲ್ಲಿ ಬರೆಯುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು.

ನನಗೆ ಕೆಲಸ ಕಲಿಸಿದವರು ಇಮಾಮಸಾಬ ಕಾಕಾ. ತಂದೆಯ ಜೊತೆ ಹದಿನೈದು ವರ್ಷ ಒಂದೇ ಬೆಂಚಿನ ಮೇಲೆ ದುಡಿದವರು. ನಲವತ್ತು ದಾಟಿದ ವಯಸ್ಸು, ಮೆಹಂದಿ ಹಚ್ಚಿದ ಗಡ್ಡ, ಮನೆಯಲ್ಲಿ ಮದುವೆಗೆ ಬಂದ ಮಗಳು.

ಗಿರಣಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಬಾಗಿಲಿನ ಪಕ್ಕ ಒಂದು ಹಲಗೆ, ಅದರ ಮೊಳೆಗಳಿಗೆ ತೂಗುಹಾಕಿದ ಹಿತ್ತಾಳೆಯ ಬಿಲ್ಲೆಗಳು. ಪ್ರತಿ ಬಿಲ್ಲೆಯ ಮೇಲೆ ಒಂದು ನಂಬರು. ಒಳಗೆ ಹೋಗುವವನು ತನ್ನ ಬಿಲ್ಲೆಯನ್ನು ತೆಗೆದು ಹಾಜರಿ ಕಾರಕೂನನ ಡಬ್ಬಿಗೆ ಹಾಕಬೇಕು. ಡಬ್ಬಿಯಲ್ಲಿ ಯಾವ ಬಿಲ್ಲೆ ಇದೆಯೋ ಆ ಮನುಷ್ಯ ಹಾಜರು. ಒಬ್ಬನಿಗೆ ಅಡಚಣೆ ಬಂದ ದಿನ, ಸೂಟಿ ಇದ್ದ ಇನ್ನೊಬ್ಬ ಅವನ ಬಿಲ್ಲೆ ಹಾಕಿ ಅವನ ಕೆಲಸ ಮಾಡುತ್ತಿದ್ದ. ಮುಂದೆ ಅವನು ಇವನ ಋಣ ತೀರಿಸುತ್ತಿದ್ದ. ಇದು ಕಾರಕೂನನಿಗೆ ಗೊತ್ತಿತ್ತು, ಫೋರ್ಮನ್ನನಿಗೆ ಗೊತ್ತಿತ್ತು. ಯಂತ್ರಗಳು ನಿಲ್ಲುತ್ತಿರಲಿಲ್ಲವಾದ್ದರಿಂದ ಯಾರೂ ಬೇಡ ಎನ್ನಲಿಲ್ಲ.

ಆ ದಿನ ನನಗೆ ಸೂಟಿ. ಕಾಕಾ ಮಗಳಿಗೆ ವರ ನೋಡಲು ಶಹಾಬಾದಿಗೆ ಹೋಗಬೇಕಾಗಿತ್ತು. ಆ ತಿಂಗಳು ಅವರು ಆಗಲೇ ಎರಡು ಸಲ ಗೈರುಹಾಜರಾಗಿದ್ದರು, ಮೂರನೆಯದಾದರೆ ಹೆಸರು ಹೊಡೆದು ಕೆಲಸದಿಂದ ತೆಗೆಯುತ್ತಿದ್ದರು.

“ಒಂದು ದಿನ ನನ್ನ ಬಿಲ್ಲೆ ಮ್ಯಾಲ ನಿಂದರ್ತೀಯೇನು?” ಎಂದು ಕೇಳಿದರು.

“ಅದಕ್ಕ ಕೇಳೋದೇನದ ಕಾಕಾ” ಎಂದೆ.

“ಕೇಳಬೇಕಪ್ಪ, ನೀ ಬಿ.ಎ. ಇದ್ದಿ. ನನ್ನ ನಂಬರಿನ ಇಜ್ಜತ್ ಹೆಚ್ಚಾಗ್ತದ” ಎಂದು ನಕ್ಕರು.

ಮಧ್ಯಾಹ್ನದ ಊಟದ ಸೀಟಿಗೆ ಸ್ವಲ್ಪ ಮೊದಲು ನೂಲುವ ಖಾತೆಯ ಒಂದು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಹಲ್ಲಿನ ಎರಡು ಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುವ ಜಾಗ ಅದು. ಅದಕ್ಕೊಂದು ಕಬ್ಬಿಣದ ಮುಚ್ಚಳವಿತ್ತು, ನಾಲ್ಕು ಬೋಲ್ಟುಗಳ ಮುಚ್ಚಳ. ಅದು ಇದ್ದರೆ ಎಣ್ಣೆ ಬಿಡಲು ಯಂತ್ರ ನಿಲ್ಲಿಸಿ, ಬೋಲ್ಟು ಬಿಚ್ಚಿ, ಮತ್ತೆ ಬಿಗಿಯಬೇಕು. ಇಲ್ಲದಿದ್ದರೆ ಓಡುವ ಯಂತ್ರಕ್ಕೇ ಎಣ್ಣೆ ಬಿಡಬಹುದು. ಒಂದು ತಿಂಗಳ ಹಿಂದೆ ಆ ಮುಚ್ಚಳವನ್ನು ತೆಗೆದಿದ್ದರು. ಎಣ್ಣೆ ಒರೆಸುವ ನೂಲಿನ ಚಿಂದಿ ನನ್ನ ಬೆರಳಿಗೆ ಸುತ್ತಿಕೊಂಡಿತ್ತು. ಚಕ್ರ ಚಿಂದಿಯನ್ನು ಹಿಡಿಯಿತು, ಚಿಂದಿ ಕೈಯನ್ನು ಎಳೆಯಿತು. ನಾನು ಕೂಗಿದೆನಂತೆ, ನನಗೆ ನೆನಪಿಲ್ಲ. ನೆನಪಿರುವುದು ಇಷ್ಟೇ: ಯಂತ್ರ ನಿಂತಾಗ ಎಷ್ಟು ಸದ್ದಿಲ್ಲದಂತಾಯಿತೆಂದರೆ, ನೆಲದ ಮೇಲೆ ಉರುಳಿದ ಎಣ್ಣೆಯ ಡಬ್ಬಿಯಿಂದ ಎಣ್ಣೆ ಸುರಿಯುವುದು ಕೇಳಿಸುತ್ತಿತ್ತು.

ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದರು. ಹಾಜರಿ ಕಾರಕೂನ ಡಬ್ಬಿಯಲ್ಲಿದ್ದ ಬಿಲ್ಲೆಯ ನಂಬರು ನೋಡಿ ಚೀಟಿ ಬರೆದುಕೊಟ್ಟಿದ್ದ. ಅದರಲ್ಲಿದ್ದ ಹೆಸರು ಇಮಾಮಸಾಬ. ದವಾಖಾನೆಯ ಕಂಪೌಂಡರ್ ಆ ಹೆಸರನ್ನೇ ದಫ್ತರಕ್ಕೆ ಏರಿಸಿದ. ನನಗೆ ಮದ್ದು ಮೂಸಿಸಿದರು. ಎಚ್ಚರವಾದಾಗ ಬಲಗೈ ಬಿಳಿಯ ದೊಡ್ಡ ಗಂಟಾಗಿತ್ತು, ಯಾರೋ “ಇಮಾಮಸಾಬ, ಏ ಇಮಾಮಸಾಬ” ಎಂದು ಕೆನ್ನೆ ತಟ್ಟುತ್ತಿದ್ದರು. ನಾನು “ಹಾಂ” ಎಂದೆ. ಹಾಗೆ ಏಕೆ ಅಂದೆನೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ನಾನಲ್ಲ ಎಂದರೆ ಕಾಕಾ ಆ ದಿನ ಗಿರಣಿಯಲ್ಲಿ ಇರಲಿಲ್ಲವೆಂದಾಗುತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅಷ್ಟೆಲ್ಲ ಲೆಕ್ಕ ಹಾಕಿದ್ದೆನೆಂದು ಹೇಳಿದರೆ ಸುಳ್ಳಾದೀತು. ಯಾರೋ ಕರೆದರು, ಉತ್ತರ ಕೊಟ್ಟೆ.

ಮರುದಿನ ಗಾಯ ತೊಳೆಯುವಾಗ ಕಂಪೌಂಡರ್ ನನ್ನ ಅಂಗಿಯ ಗುಂಡಿ ಬಿಚ್ಚಿದ. ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ ಇತ್ತು. ಅವನು ಕರಡಿಗೆಯನ್ನು ನೋಡಿದ, ಚೀಟಿಯನ್ನು ನೋಡಿದ, ನನ್ನನ್ನು ನೋಡಿದ.

“ಇಮಾಮಸಾಬ, ಕೊರಳಾಗ ಇದೇನ್ರಿ?”

ನಾನು ಎಡಗೈಯಿಂದ ಅಂಗಿಯನ್ನು ಕೊರಳವರೆಗೆ ಎಳೆದುಕೊಂಡೆ.

“ಇರ್ಲಿ ಬಿಡ್ರಿ. ಈ ಊರಾಗ ಯಾರ ಕೊರಳಾಗ ಏನಿರ್ತದ, ಯಾರು ಯಾವ ಗೋರಿಗಿ ಸಕ್ಕರಿ ಓದಸ್ತಾರ, ಕೇಳ್ಕೋತ ಕೂತ್ರ ಪಟ್ಟಿ ಕಟ್ಟಾಂವ ಯಾರು” ಎಂದು ಗುಂಡಿ ಹಾಕಿದ. ಆ ನಲವತ್ತೊಂದು ದಿನಗಳಲ್ಲಿ ಆತ ಮತ್ತೆ ಆ ಮಾತೆತ್ತಲಿಲ್ಲ. ಜಗತ್ತಿನಲ್ಲಿ ನನಗೆ ದೊರೆತ ಕರುಣೆಗಳನ್ನು ಎಣಿಸುವುದಾದರೆ ಇದು ಮೊದಲನೆಯದು.

ಡಾಕ್ಟರು ಪ್ರತಿ ಮುಂಜಾನೆ ಬರುತ್ತಿದ್ದರು. ಹೆಬ್ಬೆರಳು ಮತ್ತು ತೋರುಬೆರಳು ಉಳಿದಿದ್ದವು, ಆದರೆ ಅವು ನನ್ನವೆಂದು ನನಗೆ ಅನ್ನಿಸುತ್ತಿರಲಿಲ್ಲ. ಡಾಕ್ಟರು ಸೂಜಿಯ ಮೊನೆಯನ್ನು ಅವಕ್ಕೆ ತಾಗಿಸಿ “ಮಾಲೂಮ್ ಹೋರಾ ಕ್ಯಾ?”, ತಿಳಿಯುತ್ತದೆಯೇ, ಎನ್ನುತ್ತಿದ್ದರು. “ನೈ” ಎನ್ನುತ್ತಿದ್ದೆ. ಅವರು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಹೊರಗೆ ಮಸೀದಿಯ ಬಾಂಗ್ ಕೇಳಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ಗುಡಿಯ ಗಂಟೆ ಕೇಳಿಸುತ್ತಿತ್ತು, ನಡುವೆ ಗಿರಣಿಯ ಸೀಟಿ. ಸೀಟಿಯಾದಾಗ ಎದ್ದು ಕೂಡುತ್ತಿದ್ದೆ, ಹೋಗಬೇಕಾದದ್ದಿಲ್ಲವೆಂದು ತಿಳಿದು ಮತ್ತೆ ಮಲಗುತ್ತಿದ್ದೆ. ಓದಿದವನು ನಾನು, ಸಿಟ್ಟು ಬರಬೇಕಾಗಿತ್ತು. ಸಿಟ್ಟೂ ಆ ಎರಡು ಬೆರಳುಗಳ ಹಾಗೆ ಇತ್ತು. ಚುಚ್ಚಿದರೆ ತಿಳಿಯುತ್ತಿರಲಿಲ್ಲ.

ನಾಲ್ಕನೆಯ ದಿನ ಅವ್ವ ಬಂದಳು. ಕಮಲಾಪುರಕ್ಕೆ ಬರುವ ಮೋಟಾರಿನ ಡ್ರೈವರ್, ಗಿರಣಿಯಲ್ಲಿ ನಿಮ್ಮೂರ ಹುಡುಗನ ಕೈ ಹೋಯಿತಂತೆ ಎಂದು ಹೇಳಿದ್ದ. ಅವಳು ಸೆರಗಿನಲ್ಲಿ ತೋಟದ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಮೊದಲ ಮೋಟಾರಿಗೇ ಹೊರಟಿದ್ದಳು. ಮುಂದೆ ನಡೆದುದನ್ನು ಅವಳೇ ನನಗೆ ಹೇಳಿದ್ದು.

ದವಾಖಾನೆಯ ಬಾಗಿಲಲ್ಲಿ ಕೂತ ಕಾರಕೂನನಿಗೆ ನನ್ನ ಹೆಸರು ಹೇಳಿದಳು, ಗುರುಶಾಂತಪ್ಪ ಎಂದು. ಅವನು ದಫ್ತರ ತಿರುವಿ ಹಾಕಿ, ಆ ಹೆಸರಿನವ ಇಲ್ಲ ಎಂದ. ಅವಳು ಇನ್ನೊಮ್ಮೆ ನೋಡಿಸಿದಳು. ಇಲ್ಲ ಎಂದರೆ ಇಲ್ಲ. ಇಲ್ಲದಿರುವುದೇ ಒಳ್ಳೆಯದೆಂದುಕೊಂಡು ಅಲ್ಲಿಂದ ಗಿರಣಿಯ ಬಾಗಿಲಿಗೆ ನಡೆದಳು. ಹಾಜರಿ ಕಾರಕೂನ ಡಬ್ಬಿ ನೋಡಿ, “ನಿನ್ನ ಮಗ ಒಳಗ ಕೆಲಸ ಮಾಡ್ಲಿಕತ್ತಾನಬೇ. ಸೀಟಿ ಆಗೋತನಾ ಕೂಡು” ಎಂದ. ಅವ್ವ ಬೇವಿನ ನೆರಳಲ್ಲಿ ಕೂತಳು. ಸಂತೋಷದಿಂದ ಕೂತಿದ್ದೆ ಎಂದಳು. ಎರಡು ಹಣ್ಣು ಕಾವಲುಗಾರನಿಗೂ ಕೊಟ್ಟಿದ್ದಳು.

ಸಂಜೆಯ ಸೀಟಿಯಾಯಿತು. ಜನ ಹೊರಬಂದರು. ಕಾರಕೂನ ಒಬ್ಬ ಮನುಷ್ಯನನ್ನು ತೋರಿಸಿ, ನೋಡು, ನಿನ್ನ ಮಗನ ನಂಬರಿನವ ಬಂದ ಎಂದ. ಬಂದವರು ಇಮಾಮಸಾಬ ಕಾಕಾ.

ನಡೆದದ್ದು ಇದು. ಅಪಘಾತದ ಮರುದಿನ ಕಾಕಾ ಕೆಲಸಕ್ಕೆ ಬಂದರೆ, ಗಿರಣಿಯ ಕಾಗದದಲ್ಲಿ ಅವರು ಕೈ ಕಳೆದುಕೊಂಡು ದವಾಖಾನೆಯಲ್ಲಿದ್ದರು. ತಮ್ಮ ಬಿಲ್ಲೆಯನ್ನು ಮುಟ್ಟುವಂತಿರಲಿಲ್ಲ. ಹಲಗೆಯ ಮೇಲೆ ನನ್ನ ಬಿಲ್ಲೆ ತೂಗುತ್ತಿತ್ತು. ಅದು ಅಲ್ಲೇ ತೂಗುತ್ತಿದ್ದರೆ ನಾನು ಗೈರುಹಾಜರು. ಆದ್ದರಿಂದ ನನ್ನ ಬಿಲ್ಲೆಯನ್ನು ಡಬ್ಬಿಗೆ ಹಾಕಿ ಒಳಗೆ ಹೋದರು. ಫೋರ್ಮನ್ ಅವರ ಮುಖವನ್ನು ಒಂದು ಗಳಿಗೆ ನೋಡಿ, “ಹೋಗು, ಕೆಲಸ ನೋಡು” ಎಂದನಂತೆ.

ಕಾಕಾ ಅವ್ವನನ್ನು ಕಂಡವರೇ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರಂತೆ. ಅತ್ತಿಗೆಯನ್ನು ಕರೆಯುವಂತೆ “ವೈನಿ, ನಡೀರಿ” ಎಂದಷ್ಟೇ ಅಂದು ದವಾಖಾನೆಯವರೆಗೆ ಮುಂದೆ ಮುಂದೆ ನಡೆದರು. ಹಿಂದಿರುಗಿ ನೋಡಲಿಲ್ಲ. ಬಾಗಿಲಲ್ಲಿ ಕಾರಕೂನ ಮತ್ತೆ ದಫ್ತರ ತೆಗೆದ. ಕಾಕಾ ತಮ್ಮ ಹೆಸರನ್ನೇ ತೋರಿಸಿ, ಇವರು ಇವನ ತಾಯಿ ಎಂದರು. ಕಾರಕೂನ ಅವ್ವನ ಹಣೆಯ ವಿಭೂತಿಯನ್ನು ನೋಡಿದ.

“ಯಾರ ಅವ್ವ ಅಂತಾದ್ರೂ ಬರಕೋರಿ. ಒಳಗ ಬಿಡ್ರಿ” ಎಂದಳು ಅವ್ವ. ಎಡಗೈಯ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡ. ಇಮಾಮಸಾಬನ ತಾಯಿ ಎಂದು ಆ ದಫ್ತರದಲ್ಲಿ ಈಗಲೂ ನನ್ನ ಅವ್ವನ ಬೆರಳಿನ ಗುರುತಿದೆ.

ಅವಳು ಮಂಚದ ಬದಿಗೆ ಕೂತು ಬಹಳ ಹೊತ್ತು ಬಿಳಿಯ ಗಂಟನ್ನು ನೋಡಿದಳು. ಆಮೇಲೆ ಹಣ್ಣು ಸುಲಿದು ನನ್ನ ಬಾಯಿಗೆ ಇಟ್ಟಳು.

“ದವಾಖಾನ್ಯಾಗ ನೀ ಇಲ್ಲ ಅಂದ್ರು. ಗಿರಣ್ಯಾಗ ನೀ ಕೆಲಸದಾಗಿದ್ದಿ ಅಂದ್ರು. ನಾ ಯಾರ್ನ ಹಡದೀನಿ ಅಂತ ನನಗೇ ತಿಳೀದಂಗಾತು ಗುರು.”

ಕಾಕಾ ಬಾಗಿಲಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದರು.

ದವಾಖಾನೆಯಿಂದ ಬಿಟ್ಟ ಮೇಲೆ ಕಮಲಾಪುರಕ್ಕೆ ಹೋದೆ. ಸೋದರಮಾವನ ಮನೆಯ ಪಡಸಾಲೆಯಲ್ಲಿ ಕೂತಿರುತ್ತಿದ್ದೆ. ಊರಿನವರು ನೋಡಲು ಬರುತ್ತಿದ್ದರು. ಬಂದವರು ಮೊದಲು ಹವೆಯ ಮಾತು, ಆಮೇಲೆ ತೋಟದ ಮಾತು, ಕೊನೆಗೆ “ಎಲ್ಲಿ, ತೋರ್ಸು” ಎನ್ನುತ್ತಿದ್ದರು. ತೋರಿಸುತ್ತಿದ್ದೆ. ಒಬ್ಬ ಮುದುಕ ಬೀಡಿಯ ಕೆಂಡವನ್ನು ತೋರುಬೆರಳಿಗೆ ತಾಗಿಸಿ, “ಖರೇನೇ ತಿಳ್ಯಂಗಿಲ್ಲಲ್ಲೋ” ಎಂದು ಆಶ್ಚರ್ಯಪಟ್ಟ. ಸುಟ್ಟ ಗುಳ್ಳೆ ಎಂಟು ದಿನ ಇತ್ತು. ಅದನ್ನು ನೋಡಿದಾಗಷ್ಟೇ ನೆನಪಾಗುತ್ತಿತ್ತು.

ಅಲ್ಲಿ ಎಡಗೈಯಿಂದ ಬರೆಯಲು ಕಲಿತೆ. ಒಂದು ವಿಚಿತ್ರವನ್ನು ಕಂಡೆ. ಉರ್ದು ಬಲದಿಂದ ಎಡಕ್ಕೆ ಹೋಗುವುದರಿಂದ ಎಡಗೈ ಯಾವಾಗಲೂ ಬರೆಯದ ಕಾಗದದ ಮೇಲೇ ಇರುತ್ತದೆ. ಅಕ್ಷರ ಸೊಟ್ಟಗಿದ್ದರೂ ಸ್ವಚ್ಛ. ಕನ್ನಡ ಬರೆದರೆ ಅಂಗೈ ಆಗತಾನೆ ಬರೆದ ಅಕ್ಷರದ ಮೇಲೇ ಹಾಯುತ್ತದೆ, ಹಸಿ ಶಾಯಿ ಕಲಸಿಹೋಗುತ್ತದೆ. ಸರಕಾರಕ್ಕೆ ಬರೆಯುವ ಭಾಷೆ ಉಳಿಯಿತು, ಅವ್ವನಿಗೆ ಓದಿ ಹೇಳುವ ಭಾಷೆ ಅಳಿಸಿಕೊಂಡು ಹೋಯಿತು.

ಉರ್ದು ಉಳಿದರೂ ಅರ್ಜಿ ಬರೆಯಲಿಲ್ಲ. ಗಾಯಗೊಂಡ ಕಾಮಗಾರನಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯಿದೆ ನಿಜಾಮ ಸರಕಾರದಲ್ಲಿ ಹೊಸದಾಗಿ ಬಂದಿತ್ತು. ಅದನ್ನು ಸಂಘದ ಸಭೆಯಲ್ಲಿ ಓದಿ ಕನ್ನಡದಲ್ಲಿ ವಿವರಿಸಿದವನೇ ನಾನು. ಈಗ ಅದೇ ಕಾಯಿದೆಯ ಎದುರು ನನ್ನ ಹೆಸರು ಯಾವುದು? ಇಮಾಮಸಾಬ ಎಂದು ಬರೆದರೆ, ವಿಚಾರಣೆಯ ದಿನ ಅಧಿಕಾರಿ ಇಮಾಮಸಾಬನನ್ನು ಕರೆದು ಕೈ ತೋರಿಸೆನ್ನುತ್ತಾನೆ. ಕಾಕಾ ಅವರ ಹತ್ತೂ ಬೆರಳು ಗಟ್ಟಿಯಾಗಿವೆ. ಗುರುಶಾಂತಪ್ಪ ಎಂದು ಬರೆದರೆ, ಆ ದಿನ ಅವನಿಗೆ ಸೂಟಿ ಇತ್ತು, ಮರುದಿನದಿಂದ ಎರಡೂ ಕೈಗಳಿಂದ ದುಡಿಯುತ್ತಿದ್ದಾನೆ ಎಂದು ಗಿರಣಿ ಹಾಜರಿ ಪಟ್ಟಿ ತೆರೆಯುತ್ತದೆ. ಅದು ಸುಳ್ಳೆಂದು ತೋರಿಸಲು ಒಂದೇ ದಾರಿ: ಕಾಕಾ ಶಹಾಬಾದಿಗೆ ಹೋಗಿದ್ದರೆಂದೂ, ತಿಂಗಳುಗಟ್ಟಲೆ ನನ್ನ ಬಿಲ್ಲೆಯ ಮೇಲೆ ನಿಂತಿದ್ದರೆಂದೂ ಹೇಳಬೇಕು. ಹೇಳಿದ ದಿನವೇ ಅವರ ಹೆಸರು ಹೊಡೆಯುತ್ತಾರೆ. ಆ ಹೊತ್ತಿಗೆ ಶಹಾಬಾದಿನವರು ಹುಡುಗಿಯನ್ನು ಒಪ್ಪಿದ್ದರು.

ಸಂಘದ ಅಧ್ಯಕ್ಷ, ನೇಕಾರ ಭೀಮಣ್ಣ, ಒಮ್ಮೆ ಬಂದು ಹೇಳಿಹೋದ: “ಪರಿಹಾರ ಕೇಳು, ನಾವೆಲ್ಲ ಇದ್ದೀವಿ. ಆದ್ರ ಬಿಲ್ಲೆ ಮಾತು ಎತ್ತಬ್ಯಾಡ. ಎಲ್ಲಾರ ಬಾಯಾಗ ಮಣ್ಣು ಬೀಳ್ತದ.” ಬಿಲ್ಲೆಯ ಮಾತೆತ್ತದೆ ಏನು ಕೇಳಬೇಕೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರ್ಜಿಯ ಮುದ್ದತು ಸರಿಯುತ್ತಿತ್ತು. ಅದು ಸರಿಯುವುದನ್ನು ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆ. ಕಾಕಾ ವಾರಕ್ಕೊಮ್ಮೆ, ನನ್ನ ಹೆಸರಿನ ಸೂಟಿಯ ದಿನ, ಮೋಟಾರಿಗೆ ಬರುತ್ತಿದ್ದರು. ನನ್ನ ಬಿಲ್ಲೆಯ ಪಗಾರದಲ್ಲಿ ಅರ್ಧವನ್ನು ಅವ್ವನ ಮುಂದೆ ಇಡುತ್ತಿದ್ದರು. ನನ್ನ ಬೆರಳು ಹಿಡಿದು “ತಿಳೀತದೇನೋ?” ಎನ್ನುತ್ತಿದ್ದರು. ಇಲ್ಲ ಎಂದರೆ ತಲೆಯಾಡಿಸಿ ಚಹಾ ಕುಡಿದು ಹೋಗುತ್ತಿದ್ದರು.

ಒಂದು ವಾರ ಬಂದಾಗ ಅವರು ಬೆರಳು ಹಿಡಿಯಲಿಲ್ಲ. ಚೀಲದಿಂದ ಒಂದು ಅಂಗಿ ತೆಗೆದು ನನ್ನ ತೊಡೆಯ ಮೇಲೆ ಹಾಕಿದರು. ಬಲದೋಳು ಮೊಣಕೈಯವರೆಗೆ ಇರಲಿಲ್ಲ. ಹರಿದ ಅಂಚಿನಲ್ಲಿ ಎಣ್ಣೆಯ ಕರಿ, ಚಕ್ರದ ಹಲ್ಲಿನ ಗುರುತು.

“ಅದೇ ಯಂತ್ರ?” ಎಂದೆ.

“ಅದೇ. ಅಂಗಿ ಹಳೇದಿತ್ತು, ಹರೀತು. ಹೊಸಾದಿದ್ರ ಹರೀತಿರ್ಲಿಲ್ಲ.” ಅವರು ಕೂತರು. “ಗುರುಶಾಂತ, ನಾ ದಾರಿತುಂಬ ಒಂದ ವಿಚಾರ ಮಾಡ್ಕೋತ ಬಂದೀನಿ. ನಿನ್ನ ಬಿಲ್ಲೆ ಮ್ಯಾಲ ನನ್ನ ಕೈ ಹೋದ್ರ ಗಾಡ್ಯಾಗ ಹಾಕ್ಕೊಂಡು ಒಯ್ತಾರ. ದವಾಖಾನ್ಯಾಗ ನಿನ್ನ ಹೆಸರು ಬರೀತಾರ. ಆಗ ವೈನಿ ಮತ್ತ ಹಣ್ಣು ಕಟ್ಕೊಂಡು ಬರ್ತಾರ. ಈ ಸಲ ಹೆಸರು ಸಿಗ್ತದ. ಒಳಗ ಬಂದು ಮಂಚದ ಮ್ಯಾಲ ನನ್ನ ನೋಡ್ತಾರ. ನನ್ನ ಮನ್ಯಾಗಿನಾಕಿ ಬಂದು ಕೇಳಿದ್ರ ನಾ ಇಲ್ಲ ಅಂತಾರ.”

ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

“ಬರಿ” ಎಂದರು ಕಾಕಾ. “ನಿನ್ನ ಹೆಸರಿನಾಗ ಬರಿ. ನಾ ಶಹಾಬಾದಿಗಿ ಹೋಗಿದ್ದೆ ಅಂತ ಬರಿ.”

“ಮಗಳ ಮದಿವಿ?”

“ಕೈ ಇದ್ರ ಏನಾರ ಮಾಡೇನು.”

ನಾನು ಅಷ್ಟು ದಿನ ಯಾರಿಗೂ ಹೇಳದ ಮಾತನ್ನು ಆಗ ಹೇಳಿದೆ. “ಕಾಕಾ, ಆ ಮುಚ್ಚಳ ಬಿಚ್ಚಿದಾಂವ ನಾನೇ. ಫೋರ್ಮನ್ ಬಿಚ್ಚು ಅಂದ, ನಾ ಬಿಚ್ಚಿದೆ. ಯಾಕ ಅಂತ ಕೇಳ್ಲಿಲ್ಲ.”

“ನನಗ ಗೊತ್ತಿಲ್ಲೇನು” ಎಂದರು ಅವರು. “ನಾಲ್ಕನೇ ಬೋಲ್ಟು ಜಂಗು ಹಿಡಿದಿತ್ತು. ನಿನ್ನ ಕೈಲಿ ಬರ್ಲಿಲ್ಲ. ಪಾನಾ ಹಾಕಿ ತಿರುವಿದಾಂವ ನಾನು.”

ಆ ಸಂಜೆ ಅರ್ಜಿ ಬರೆದೆ. ಎಡಗೈಯಲ್ಲಿ, ಉರ್ದುವಿನಲ್ಲಿ, ಒಂದು ಕಾಟೂ ಇಲ್ಲದೆ.

ವಿಚಾರಣೆ ಮೂರು ಸಲ ಮುಂದಕ್ಕೆ ಹೋಯಿತು. ಅದು ಮುಗಿಯುವತನಕ ಗಿರಣಿ ಕಾಕಾ ಅವರನ್ನು ಮುಟ್ಟಲಿಲ್ಲ, ಮುಟ್ಟಿದರೆ ನನ್ನ ಹಾಜರಿ ಸುಳ್ಳೆಂದು ತಾನೇ ಒಪ್ಪಿದಂತಾಗುತ್ತಿತ್ತು. ಮೂರು ಸಲವೂ ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಮುಂಜಾನೆಯಿಂದ ಸಂಜೆಯವರೆಗೆ ಕೂತೆವು. ಗಿರಣಿಯ ವಕೀಲರಿಗೆ ಒಳಗೆ ಕುರ್ಚಿ ಇತ್ತು. ನಾಲ್ಕನೆಯ ಸಲ ನಮ್ಮನ್ನು ಕರೆದರು.

ವಕೀಲರ ವಾದ ಸರಳವಾಗಿತ್ತು. ಅರ್ಜಿದಾರನಿಗೆ ಆ ದಿನ ಸೂಟಿ. ಸೂಟಿಯ ದಿನ ಗಿರಣಿಯೊಳಗೆ ಬಂದವನು ಕಾಮಗಾರನಲ್ಲ, ಕದ್ದು ನುಗ್ಗಿದವನು. ಅಷ್ಟಕ್ಕೂ ಗಿರಣಿಯ ಕಾಗದದ ಪ್ರಕಾರ ಗಾಯಗೊಂಡವನು ಇಮಾಮಸಾಬ.

ಅಧಿಕಾರಿ ವಯಸ್ಸಾದವರು. ಕನ್ನಡಕದ ಮೇಲಿಂದ ನೋಡಿ, “ಇಮಾಮಸಾಬ ಯಾರು?” ಎಂದರು.

ಕಾಕಾ ಮುಂದೆ ಬಂದು ಎರಡೂ ಕೈಗಳನ್ನು ಮೇಜಿನ ಮೇಲೆ, ಕಾಗದಗಳ ಪಕ್ಕದಲ್ಲಿ, ಅಂಗೈ ಮೇಲಾಗಿ ಇಟ್ಟರು. ಅಧಿಕಾರಿ ನನ್ನನ್ನು ನೋಡಿದರು. ನಾನೂ ಹೋಗಿ ನನ್ನ ಕೈಗಳನ್ನು ಅವರ ಕೈಗಳ ಪಕ್ಕದಲ್ಲಿ ಇಟ್ಟೆ. ನಾಲ್ಕು ಕೈಗಳು, ಹದಿನೇಳು ಬೆರಳುಗಳು. ಮುನ್ಷಿ ಬರೆಯುವುದನ್ನು ನಿಲ್ಲಿಸಿದ. ಹದಿನೈದು ವರ್ಷಕ್ಕೂ ಮಿಕ್ಕಿ ದುಡಿದ ಕೆಲಸವನ್ನು ಕಾಕಾ ಆ ಮೇಜಿನ ಮೇಲೆ ಇಟ್ಟು ನಿಂತಿದ್ದರು. ಅವರ ಅಂಗೈಯ ಗೆರೆಗಳಲ್ಲಿ ಹಿಂದಿನ ದಿನದ ಎಣ್ಣೆ ಇನ್ನೂ ಇತ್ತು.

ಅಧಿಕಾರಿ ಫೋರ್ಮನ್ನನನ್ನು ಕರೆದರು. “ಇವನು ಗಡ್ಡದವನು, ನಡುವಯಸ್ಸಿನವನು. ಅವನು ಮೀಸೆ ಚಿಗುರಿದ ಹುಡುಗ. ಇಷ್ಟು ತಿಂಗಳು ಒಬ್ಬನ ಜಾಗದಲ್ಲಿ ಇನ್ನೊಬ್ಬ ನಿಂತದ್ದು ನಿಮಗೆ ಕಾಣಲಿಲ್ಲವೇ?”

ಫೋರ್ಮನ್ ಗೊತ್ತಿತ್ತು ಎನ್ನುವಂತಿರಲಿಲ್ಲ. ಗೊತ್ತಿತ್ತೆಂದರೆ ಗಿರಣಿ ಒಪ್ಪಿದಂತೆ. ಅವನು ವಕೀಲರ ಮುಖ ನೋಡಿ, ತಾನು ಪಾರಾದೆನೆಂಬ ಧೈರ್ಯದಿಂದ ಹೇಳಿದ:

“ಹುಜೂರ್, ನಾವು ಬಿಲ್ಲೆ ನೋಡ್ತೀವಿ. ಮುಖ ನೋಡೋದು ನಮ್ಮ ಕೆಲಸ ಅಲ್ರಿ.”

ಅಧಿಕಾರಿ ಆ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಮುನ್ಷಿಗೆ ಬರೆದುಕೊಳ್ಳಲು ಹೇಳಿದರು. ಆಮೇಲೆ ಕಾಗದ ಮುಚ್ಚಿ ವಕೀಲರಿಗೆ ಅಂದರು: ಗಿರಣಿ ಮುಖ ನೋಡದೆ ಬಿಲ್ಲೆಯನ್ನೇ ನೋಡುವುದಾದರೆ, ಬಿಲ್ಲೆ ಯಾರನ್ನು ಒಳಗೆ ಬಿಟ್ಟಿತೋ ಆತನೇ ಆ ದಿನ ಗಿರಣಿಯ ಕಾಮಗಾರ.

ನಾನು ಮುಚ್ಚಳದ ಮಾತೆತ್ತಿದೆ. ಯಾರು ಬಿಚ್ಚಿಸಿದರು, ಯಾರು ಬಿಚ್ಚಿದೆವು, ಏಕೆ, ಎಲ್ಲವನ್ನೂ ಹೇಳಿದೆ. ಅಧಿಕಾರಿ ಕೇಳಿಕೊಂಡರು, ಕೆಟ್ಟವರೇನಲ್ಲ. “ಅದು ಈ ಮಿಸಲಿನಲ್ಲಿ, ಈ ಪ್ರಕರಣದ ಕಡತದಲ್ಲಿ, ಬರುವುದಿಲ್ಲ. ಕಾರಖಾನೆಗಳ ಇನ್ಸ್‌ಪೆಕ್ಟರರಿಗೆ ಬರಿ” ಎಂದರು. ಮುನ್ಷಿಯ ಲೇಖನಿ ಆ ಮಾತುಗಳ ಉದ್ದಕ್ಕೂ ಮೇಜಿನ ಮೇಲೆ ಮಲಗಿತ್ತು.

ಪರಿಹಾರ ಬಂತು, ಕೇಳಿದ್ದಕ್ಕಿಂತ ಕಡಿಮೆ. ಆದೇಶದಲ್ಲಿ ನನ್ನ ಹೆಸರು ಹೀಗಿದೆ: ‘ಗುರುಶಾಂತಪ್ಪ, ಇಮಾಮಸಾಬ ಎಂಬ ಹೆಸರಿನಿಂದ ಗಾಯಗೊಂಡವನು’. ಹಣ ಪಡೆಯುವಾಗ ಹೆಬ್ಬೆರಳು ಒತ್ತೆಂದರು. ಒತ್ತದೆ ಎಡಗೈಯಿಂದ ಸಹಿ ಹಾಕಿದೆ, ಬಹಳ ಹೊತ್ತು ಹಿಡಿಯಿತು, ಖಜಾಂಚಿ ಕಾಯ್ದ.

ವಿಚಾರಣೆಯ ಮರುದಿನವೇ ಗಿರಣಿ ನಮ್ಮಿಬ್ಬರ ಬಿಲ್ಲೆಗಳನ್ನೂ ಹಲಗೆಯಿಂದ ತೆಗೆದಿತ್ತು. ಬಂದ ಹಣದಲ್ಲಿ ಕಾಕಾ ಅವರಿಗೊಂದು ಕೈಗಾಡಿ ಕೊಂಡೆವು. ಅವರು ಈಗ ಕಮಲಾಪುರದ ಕೆಂಪು ಬಾಳೆಹಣ್ಣನ್ನು ರೋಜಾ ದರ್ಗಾದ ದಾರಿಯಲ್ಲಿ ಯಾತ್ರಿಕರಿಗೆ ಮಾರುತ್ತಾರೆ. ಮಗಳ ಮದುವೆ ಆಯಿತು, ಆದರೆ ಶಹಾಬಾದಿನವರ ಮನೆಗಲ್ಲ. ವಾರಕ್ಕೊಮ್ಮೆ ಹಣ್ಣಿಗೆ ಬಂದಾಗ ಈಗಲೂ ನನ್ನ ಬೆರಳು ಹಿಡಿದು ಅದೇ ಮಾತು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಒಮ್ಮೊಮ್ಮೆ ಹವೆ ತಂಪಾದಾಗ ಹೆಬ್ಬೆರಳ ಬುಡದಲ್ಲಿ ಇರುವೆ ಹರಿದಂತಾಗುತ್ತದೆ. ಅದನ್ನು ಯಾರಿಗೂ ಹೇಳಿಲ್ಲ. ಅದು ಉಳಿಯುವುದೋ ಹೋಗುವುದೋ ತಿಳಿಯದು.

ಕಾರಖಾನೆಗಳ ಇನ್ಸ್‌ಪೆಕ್ಟರರಿಗೆ ಮೂರು ಅರ್ಜಿ ಬರೆದೆ. ಉತ್ತರವಿಲ್ಲ. ಗಿರಣಿಯ ಯಜಮಾನರಿಗೆ ಒಂದು ಬರೆದೆ. ಉತ್ತರವಿಲ್ಲ. ಮುಚ್ಚಳವನ್ನು ತೆಗೆಸಿದವನು ಇಂದಿಗೂ ಅದೇ ಖಾತೆಯ ಫೋರ್ಮನ್. ಅವನನ್ನು ಕೇಳುವವರು ಯಾರು? ಒಂದು ಕೈಗೆ ಬೆಲೆ ಕಟ್ಟಿದ ಕಾಯಿದೆ, ಮುಂದಿನ ಕೈಯ ವಿಚಾರವನ್ನು ಯಾವ ಮಿಸಲಿನಲ್ಲಿ ಇಟ್ಟಿದೆ? ಹೋದ ವಾರ ಕಾಕಾ ಅವರ ಗಾಡಿಯ ಬಳಿ ಹಣ್ಣು ಕೊಳ್ಳಲು ಬಂದ ಹುಡುಗನೊಬ್ಬ ಈಗ ನಮ್ಮ ಬೆಂಚಿನ ಮೇಲೆ ಕೆಲಸ ಮಾಡುತ್ತಾನಂತೆ. ಆ ಯಂತ್ರದ ಮುಚ್ಚಳ ಹಾಕಿದರೇನು ಎಂದು ಕಾಕಾ ಕೇಳಿದರು. ಅವನು, “ಯಾವ ಮುಚ್ಚಳ?” ಎಂದನಂತೆ.

ಆದ್ದರಿಂದ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ, ಅಂಗೈ ತುಂಬ ಶಾಯಿ ಮಾಡಿಕೊಂಡು. ಗಿರಣಿಯೊಳಗೆ ಇದನ್ನು ಓದುವವರಿಗೆ, ಓದಿಸಿ ಕೇಳುವವರಿಗೆ ಹೇಳುವುದಿಷ್ಟೇ. ಮುಚ್ಚಳ ಕಳೆದುಹೋಗಿಲ್ಲ. ಉಗ್ರಾಣದ ಹಿಂದೆ, ಪಡುವಣ ಗೋಡೆಗೆ ಆನಿಸಿ ನಾನೇ ಇಟ್ಟಿದ್ದೇನೆ. ಬೋಲ್ಟುಗಳನ್ನು ಅದರ ಹಿಂದೆಯೇ ಒಂದು ಚಿಂದಿಯಲ್ಲಿ ಕಟ್ಟಿಟ್ಟಿದ್ದೇನೆ. ಒಳಗೆ ಹೋಗಲು ನನಗೆ ಬಿಲ್ಲೆ ಇಲ್ಲ, ಪಾನಾ ಹಿಡಿಯಲು ಕೈ ಇಲ್ಲ. ನಿಮಗೆ ಎರಡೂ ಇವೆ. ನಾಲ್ಕನೆಯ ಬೋಲ್ಟಿಗೆ ಸ್ವಲ್ಪ ಎಣ್ಣೆ ಹಚ್ಚಿರಿ, ಜಂಗು ಹಿಡಿದಿದೆ. ಅರ್ಧ ಗಂಟೆಯ ಕೆಲಸ.